ಕೊನೆಯ ಖಾಲಿ ಪುಟದ ವಿಮರ್ಶಕಿ

ಪುಸ್ತಕ ಬಾಡಿಗೆಗೆ ಕೊಡುವವರಿಗೆ ಹೊತ್ತು ಕಳೆಯಲು ಬೇರೆ ಪುಸ್ತಕ ಬೇಕಾಗುವುದಿಲ್ಲ. ಒಯ್ದವರು ವಾಪಸ್ ತರುವಾಗ ಒಂದೊಂದು ಕಥೆಯನ್ನು ತಾವೇ ಜೊತೆಗೆ ತರುತ್ತಾರೆ.

ತೊಂಬತ್ತರ ದಶಕದಲ್ಲಿ ಹೊಳೆನರಸೀಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನೊಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇಟ್ಟಿದ್ದೆ. ಹಾಸನದಲ್ಲಿ ಯಾರೋ ಇಂಥದೇ ಲೈಬ್ರರಿ ಮುಚ್ಚುತ್ತಿದ್ದಾಗ, ಹೈಸ್ಕೂಲು ಮೇಷ್ಟ್ರಾಗಿದ್ದ ನಮ್ಮ ಯಜಮಾನರು ನಾಲ್ಕು ಟ್ರಂಕು ಕಾದಂಬರಿಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಂದರು. ನಾನು ಓದುತ್ತಾ ಕೂತರೆ ಮನೆಯಲ್ಲಿ ಜಗಳ ಕಡಿಮೆಯಾಗುತ್ತದೆ ಅನ್ನುವುದು ಅವರ ಆಸೆ. ಜಗಳ ಕಡಿಮೆಯಾಗಲಿಲ್ಲ, ನನ್ನ ಜಗಳದ ಭಾಷೆ ಸುಧಾರಿಸಿತು.

ಆ ಲೈಬ್ರರಿಯಲ್ಲಿ ನಾನು ಕಂಡ ತಮಾಷೆಯಲ್ಲಿ ಮುಕ್ಕಾಲು ಪಾಲು ಒಬ್ಬಳೇ ಹುಡುಗಿಯದು. ಹಳ್ಳಿಮೈಸೂರಿನ ಕಡೆಯ ರೈತರ ಮನೆಯವಳು. ನಮ್ಮೂರಿಗೆ ಪಿ.ಯು. ಓದಲು ಬಸ್ಸಿನಲ್ಲಿ ಬರುತ್ತಿದ್ದಳು. ಹದಿನಾರು ವರ್ಷ, ಎರಡು ಜಡೆ, ಯಾರನ್ನಾದರೂ ನೇರವಾಗಿ ನೋಡುವ ಕಣ್ಣು. ಮೊದಲ ದಿನವೇ ಬಾಗಿಲಲ್ಲಿ ನಿಂತು ಷರತ್ತು ಹಾಕಿದಳು.

"ಆಂಟಿ, ನಮ್ಮಪ್ಪಂಗೆ ಗೊತ್ತಾಗ್ಬಾರ್ದು. ಕಾದಂಬರಿ ಓದ್ತೀನಿ ಅಂತ ಗೊತ್ತಾದ್ರೆ ನಾಳೆಯಿಂದ್ಲೇ ಕಾಲೇಜು ಬುಡುಸ್ಬುಡ್ತಾನೆ."

ಅದು ಬರೀ ಹೆದರಿಕೆಯ ಮಾತಾಗಿರಲಿಲ್ಲ. ಅವರೂರಲ್ಲಿ ಯಾವಳೋ ಒಬ್ಬಳು ಮನೆ ಬಿಟ್ಟು ಹೋದಾಗ ಅವಳ ಹಾಸಿಗೆ ಕೆಳಗೆ ಸಿಕ್ಕಿದ್ದು ಒಂದು ಕಾದಂಬರಿಯಂತೆ. ಅಂದಿನಿಂದ ಇವಳ ಅಪ್ಪನಿಗೆ ಕಾದಂಬರಿ ಅಂದರೆ ಓಡಿಹೋಗುವವರ ಪಠ್ಯಪುಸ್ತಕ. ಇವಳಿಗೋ ಓದಿ ಟೀಚರಾಗುವ ಆಸೆ. ಒಂದು ಕಡೆ ಕಾಲೇಜು, ಒಂದು ಕಡೆ ಕಾದಂಬರಿ, ಎರಡೂ ಬೇಕು. ನಾನು ಬುದ್ಧಿವಂತೆಯಾಗಿದ್ದರೆ ಅವತ್ತೇ ವಾಪಸ್ ಕಳಿಸುತ್ತಿದ್ದೆ. ಪುಸ್ತಕಕ್ಕೆ ಬ್ರೌನ್ ಪೇಪರ್ ಹಾಕಿ, ಮೇಲೆ 'ಜೀವಶಾಸ್ತ್ರ' ಅಂತ ಲೇಬಲ್ ಅಂಟಿಸಿ ಕೈಗೆ ಕೊಟ್ಟೆ.

ರಬ್ಬರು

ಅವಳು ಬರಲು ಶುರುಮಾಡಿ ಒಂದು ತಿಂಗಳಾಗಿರಬೇಕು. ಅವಳು ವಾಪಸ್ ತಂದ ಪುಸ್ತಕವನ್ನು ಕಪಾಟಿಗಿಡುವಾಗ ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲ್ ಬರಹ ಕಂಡಿತು. ದುಂಡು ದುಂಡು ಅಕ್ಷರ.

"ಈ ನಾಯಕ ದೊಡ್ಡ ಎಸ್ಟೇಟಿನ ಮಾಲೀಕನಂತೆ. ಇನ್ನೂರ ಎಂಬತ್ತು ಪುಟದಲ್ಲಿ ಒಂದು ದಿನವೂ ತೋಟಕ್ಕೆ ಹೋಗಲಿಲ್ಲ. ಕಾಫಿ ಕುಡಿದಿದ್ದು ಮಾತ್ರ ಹದಿನೇಳು ಸಲ."

ನನಗೆ ಸಿಟ್ಟು ಬಂತು. ಬಾಗಿಲ ಮೇಲೆ 'ಪುಸ್ತಕದಲ್ಲಿ ಏನನ್ನೂ ಬರೆಯಬಾರದು' ಎಂದು ಬೋರ್ಡು ಹಾಕಿದ್ದವಳು ನಾನು. ಅವಳು ಒಯ್ದಿದ್ದ ಉಳಿದ ಪುಸ್ತಕ ತೆಗೆದು ನೋಡಿದರೆ ಎಲ್ಲದರಲ್ಲೂ ಇದೇ ಕಥೆ. ಒಂದರಲ್ಲಿ, "ನಾಯಕಿ ಸಂಜೆ ಐದರಿಂದ ಏಳರವರೆಗೆ ಹೊಳೆ ದಂಡೆಯಲ್ಲಿ ಕೂತು ಯೋಚನೆ ಮಾಡುತ್ತಾಳೆ. ಮನೆಯಲ್ಲಿ ಎರಡು ಹಸು ಇದೆ ಎಂದು ಮೂರನೇ ಅಧ್ಯಾಯದಲ್ಲಿ ಹೇಳಿದ್ದಾರೆ. ಹಾಲು ಕರೆದವರು ಯಾರು?" ಇನ್ನೊಂದರಲ್ಲಿ, "ಇದರಲ್ಲಿ ಎಲ್ಲರೂ ಅಳುತ್ತಾರೆ. ಪೋಸ್ಟ್‌ಮ್ಯಾನ್ ಸಹ."

ರಬ್ಬರು ಹಿಡಿದು ಒಂದು ಇಡೀ ಮಧ್ಯಾಹ್ನ ಕೂತು ಅಷ್ಟನ್ನೂ ಅಳಿಸಿದೆ. ಮಾರನೆಯ ದಿನ ಹುಡುಗಿ ಬಂದಾಗ ತರಾಟೆಗೆ ತೆಗೆದುಕೊಂಡೆ.

"ಪುಸ್ತಕ ಹಾಳುಮಾಡ್ತೀಯಲ್ಲ, ನಾಚಿಕೆ ಆಗಲ್ವೇನೇ ನಿನಗೆ?"

ಅವಳು ಸ್ವಲ್ಪವೂ ಅಳುಕದೆ ಹೇಳಿದಳು. "ನಾನು ಪೆನ್ಸಿಲಲ್ಲಿ ಬರ್ದಿವ್ನಿ ಆಂಟಿ, ಬೇಡ ಅಂದ್ರೆ ಅಳಿಸ್ಬೋದು. ಕಾದಂಬರಿಯೋರು ಎಲ್ಲಾನೂ ಅಚ್ಚಾಕ್ಸ್‌ಬುಟ್ಟವ್ರೆ. ಅದ್ನ ಏನ್ ಮಾಡ್ತೀರಿ?"

ಸಂಜೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಹೆಂಗಸು ಬಂದರು. ಕಪಾಟಿನ ಮುಂದೆ ನಿಂತು ನಾಲ್ಕು ಪುಸ್ತಕಗಳನ್ನು ಹಿಂದಿನಿಂದ ತೆರೆದು ನೋಡಿದರು. ಮುಖ ಬಾಡಿತು.

"ಇದೇನ್ರೀ, ಎಲ್ಲಾ ಅಳಿಸಿಬಿಟ್ಟಿದ್ದೀರಿ! ನಾನು ಅದನ್ನ ನೋಡಿಯೇ ಪುಸ್ತಕ ಆರಿಸ್ತಿದ್ದೆ."

"ಅದು ಚೆನ್ನಾಗಿಲ್ಲ ಅಂತ ಬರೆದಿದ್ದಳಲ್ಲ?"

"ಹೂಂ. ಎಲ್ಲರೂ ಅಳ್ತಾರೆ ಅಂತ ಬರೆದಿದ್ದಳಲ್ಲ, ಅದೇ ನನಗೆ ಬೇಕಾಗಿತ್ತು. ಈಗ ಯಾವುದೂಂತ ಹುಡುಕಲಿ?"

ಅವತ್ತೇ ಬೋರ್ಡು ತೆಗೆದು, ಮೇಜಿನ ಕಾಲಿಗೆ ದಾರ ಕಟ್ಟಿ ಹೊಸ ಪೆನ್ಸಿಲೊಂದನ್ನು ನೇತುಹಾಕಿದೆ.

ಡ್ರೈವರ್ ಒಳ್ಳೆಯವನು

ನಮ್ಮ ಬೀದಿಯಲ್ಲಿ ರಿಟೈರಾದ ಹೆಡ್‌ಮಾಸ್ತರೊಬ್ಬರಿದ್ದರು. ಓದಿದರೆ ಪತ್ತೇದಾರಿ ಕಾದಂಬರಿ ಮಾತ್ರ, ದಿನಕ್ಕೊಂದು. ಕೊಲೆಗಾರ ಯಾರೆಂದು ಅರ್ಧ ಪುಸ್ತಕದಲ್ಲೇ ಹೇಳಿಬಿಡುತ್ತೇನೆ ಎಂಬ ಹೆಮ್ಮೆ ಅವರಿಗೆ. ಸಂಸಾರದ ಕಾದಂಬರಿ ಮುಗಿಸಿದ ನಮ್ಮ ಹುಡುಗಿ ಆ ಕಪಾಟಿಗೂ ಕೈ ಹಾಕಿದ್ದಳು.

ಒಂದು ಶನಿವಾರ ಹೆಡ್‌ಮಾಸ್ತರು ಧುಮುಗುಟ್ಟುತ್ತಾ ಬಂದು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು. ಹದಿನಾಲ್ಕನೇ ಪುಟದ ಅಂಚಿನಲ್ಲಿ ಬರೆದಿತ್ತು: "ಡ್ರೈವರ್ ಮೇಲೆ ಅನುಮಾನ ಪಡಬೇಡಿ. ಪಾಪ, ಒಳ್ಳೆಯವನು."

"ಯಾವಳಮ್ಮ ಇವಳು? ಹದಿನಾಲ್ಕನೇ ಪುಟಕ್ಕೇ ಒಬ್ಬನನ್ನ ಬಿಡುಗಡೆ ಮಾಡಿಬಿಟ್ಟಿದ್ದಾಳಲ್ಲ! ನಾನು ಯಾರನ್ನ ಅನುಮಾನಿಸಲಿ?"

ಅವಳು ಅಲ್ಲೇ ಕಪಾಟಿನ ಹಿಂದೆ ಇದ್ದಳು. ಅಡಗಿಕೊಳ್ಳುತ್ತಾಳೆ ಎಂದುಕೊಂಡರೆ ಎದುರಿಗೇ ಬಂದಳು.

"ನಾನೇ ಸಾ. ನಾನು ಓದೋವಾಗ ಇನ್ನೂರು ಪುಟ ಆ ಡ್ರೈವರ್ನ ಬೈಕಂಡಿವ್ನಿ. ಕೊನೇಲಿ ನೋಡುದ್ರೆ ಅವ್ನು ಅವ್ರವ್ವಂಗೆ ಔಸ್ದಿ ತರಕ್ಕೋಗಿದ್ನಂತೆ. ಎರಡು ದಿನ ನಂಗೆ ಊಟ ಸೇರ್ನಿಲ್ಲ. ನಿಮ್ಗೂ ಅಂಗಾಗ್ಬಾರ್ದು ಅಂತ ಬರ್ದೆ."

ಹೆಡ್‌ಮಾಸ್ತರು ಕನ್ನಡಕ ಸರಿಮಾಡಿಕೊಂಡು ಅವಳನ್ನೇ ನೋಡಿದರು. ತಮ್ಮ ಸರ್ವೀಸಿನಲ್ಲಿ ಬರೀ ಅನುಮಾನದ ಮೇಲೆ ಎಷ್ಟು ಹುಡುಗರಿಗೆ ಬಾರಿಸಿದ್ದರೋ, ಅದೆಲ್ಲ ನೆನಪಾಯಿತೋ ಏನೋ. ಪುಸ್ತಕ ಎತ್ತಿಕೊಂಡು ಹೊರಟುಹೋದರು. ಇವರು ಹುಡುಗಿಯ ಅಪ್ಪನವರೆಗೆ ದೂರು ಒಯ್ದರೆ ಗತಿಯೇನು ಎಂದು ನನಗೆ ಭಾನುವಾರವೆಲ್ಲ ಕಳವಳ.

ಸೋಮವಾರ ಕಾಲೇಜು ಬಿಡುವ ಹೊತ್ತಿಗೆ ಸರಿಯಾಗಿ ಮತ್ತೆ ಬಂದರು. ಅವಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಕೇಳಿದರು.

"ಅಡುಗೆಯವನ ವಿಷಯ ಏನಾದರೂ ಗೊತ್ತಿದ್ದರೆ ಈಗಲೇ ಹೇಳಿಬಿಡಮ್ಮ. ಮೊನ್ನೆಯಿಂದ ನಾನು ಅವನನ್ನ ಬೈತಾ ಇದ್ದೀನಿ."

ಚನ್ನರಾಯಪಟ್ಟಣದ ಗಂಟು

ಆಗ ಒಂದು ಪದ್ಧತಿಯಿತ್ತು. ವಾರಪತ್ರಿಕೆಯಲ್ಲಿ ಬರುವ ಧಾರಾವಾಹಿಯನ್ನು ವಾರವಾರವೂ ಕತ್ತರಿಸಿ ಇಟ್ಟುಕೊಂಡು, ಮುಗಿದ ಮೇಲೆ ಹೊಲಿದು ಪುಸ್ತಕ ಮಾಡುವುದು. ಚನ್ನರಾಯಪಟ್ಟಣದಲ್ಲಿದ್ದ ನನ್ನ ನಾದಿನಿ ಇದರಲ್ಲಿ ಪಳಗಿದ ಕೈ. ಅವಳು ಒಂದು ಸಲ ಹಳೆ ಸೀರೆಯಲ್ಲಿ ಕಟ್ಟಿದ ಗಂಟೊಂದನ್ನು ಕಳಿಸಿ, "ಅತ್ತಿಗೆ, ಎರಡು ಧಾರಾವಾಹಿ ಇದೆ. ಹೊಲಿದುಕೊಳ್ಳಿ, ಲೈಬ್ರರಿಗೆ ಆಗುತ್ತೆ" ಎಂದು ಹೇಳಿಕಳಿಸಿದಳು.

ಗಂಟು ಬಿಚ್ಚಿದರೆ ಹಾಳೆಗಳೆಲ್ಲ ಕಲಸುಮೇಲೋಗರ. ಪುಟಸಂಖ್ಯೆ ನೋಡೋಣವೆಂದರೆ ಕತ್ತರಿಸುವಾಗ ಅಂಚಿನ ಜೊತೆ ಅದೂ ಹೋಗಿದೆ. ಸಾಲದ್ದಕ್ಕೆ ಎರಡೂ ಕಥೆಯ ನಾಯಕಿಯ ಹೆಸರು ಒಂದೇ. ಒಂದಿಡೀ ವಾರ ಹಜಾರದ ತುಂಬ ಹಾಳೆ ಹರಡಿಕೊಂಡು ಕೂತೆ. ಆ ವಾರ ಯಜಮಾನರು ಹಿತ್ತಲ ಬಾಗಿಲಿಂದ ಓಡಾಡಿದರು. ಕೊನೆಗೆ ನನಗೆ ಸರಿಕಂಡ ಹಾಗೆ ಜೋಡಿಸಿ, ಮೈದಾ ಅಂಟು ಹಾಕಿ, ಎರಡು ದಪ್ಪ ಪುಸ್ತಕ ಮಾಡಿದೆ.

ಮೊದಲು ಒಯ್ದದ್ದು ಅಂಚೆ ಕಚೇರಿಯ ಹೆಂಗಸು. ವಾಪಸ್ ಕೊಡುವಾಗ ಕಣ್ಣು ಕೆಂಪಗಿತ್ತು.

"ಎಷ್ಟು ಕಷ್ಟಪಡ್ತಾಳ್ರೀ ಅವಳು! ಗಂಡ ಸತ್ತ. ಹೇಗೋ ಸುಧಾರಿಸಿಕೊಂಡಳು ಅನ್ನೋ ಹೊತ್ತಿಗೆ ಬದುಕಿ ಬಂದು ಕಾಫಿ ಕೇಳಿದ. ಕಾಫಿ ಕೊಟ್ಟಳು, ಮತ್ತೆ ಸತ್ತ."

ಅವರು ಹೋದದ್ದೇ ತಡ, ಕೂತು ಓದಿದೆ. ಎರಡು ಕಥೆ ಎಲ್ಲೆಲ್ಲಿ ಕೂಡಿಕೊಂಡಿದೆ ಎಂದು ಪತ್ತೆಹಚ್ಚಲೂ ಆಗದಷ್ಟು ಚೆನ್ನಾಗಿ ಹೊಲಿದಿದ್ದೆ. ಹತ್ತನೇ ಕಂತಿನಲ್ಲಿ ಬಾಣಂತಿಯಾಗಿದ್ದವಳು ಹನ್ನೊಂದರಲ್ಲಿ ಕಾಲೇಜಿನ ಓಟದ ಸ್ಪರ್ಧೆಯಲ್ಲಿ ಗೆಲ್ಲುತ್ತಾಳೆ. ಇದನ್ನು ನಮ್ಮ ಹುಡುಗಿ ನೋಡಿದರೆ ನನ್ನ ಮಾನ ಉಳಿಯುವುದಿಲ್ಲ ಎಂದು ಎರಡನ್ನೂ ಬಚ್ಚಿಡಲು ಹೋದೆ. ಎರಡನೆಯದನ್ನು ಅವಳು ಆಗಲೇ ಒಯ್ದಿದ್ದಳು.

ನಾಲ್ಕು ದಿನದ ಮೇಲೆ ತಂದುಕೊಟ್ಟಳು. ಅವಳು ಬೀದಿ ತಿರುವು ದಾಟುವವರೆಗೆ ಕಾದು, ಹೆದರಿಕೊಂಡೇ ಕೊನೆಯ ಪುಟ ತೆರೆದೆ.

"ಇಲ್ಲಿಯವರೆಗೆ ಓದಿದ್ದರಲ್ಲಿ ಇದೇ ಅತ್ಯುತ್ತಮ. ಮುಂದೇನಾಗುತ್ತದೆ ಎಂದು ಒಂದು ಸಲವೂ ಊಹಿಸಲು ಆಗಲಿಲ್ಲ."

ಅರಕಲಗೂಡಿನ ಬಿಸಿನೀರು

ಅವಳು ಎರಡನೇ ಪಿ.ಯು.ಗೆ ಬಂದ ವರ್ಷ, ನಮ್ಮ ಲೈಬ್ರರಿಯ ಅರ್ಧ ಕಪಾಟು ತುಂಬಿಸಿದ್ದ ಲೇಖಕಿಯೊಬ್ಬರು ಅರಕಲಗೂಡಿಗೆ ನೆಂಟರ ಮನೆಯ ಗೃಹಪ್ರವೇಶಕ್ಕೆ ಬರುತ್ತಾರೆಂದು ತಿಳಿಯಿತು. ಆ ನೆಂಟರು ನಮಗೂ ನೆಂಟರು. ಹುಡುಗಿಗೆ ಹೇಳಿದೆ. ಅವಳ ಮುಖ ಅರಳಿತು, ಆಮೇಲೆ ಅಷ್ಟೇ ಬೇಗ ಸಪ್ಪಗಾಯಿತು.

"ನಮ್ಮಪ್ಪಂಗೆ ಏನಂತ ಏಳ್ಳಿ?"

"ಪ್ರಾಕ್ಟಿಕಲ್ ಇದೆ ಅನ್ನು."

ಮೇಷ್ಟ್ರ ಹೆಂಡತಿಯಾಗಿ ಸುಳ್ಳು ಹೇಳಿಕೊಟ್ಟೆ. ಅರಕಲಗೂಡು ತಲುಪುವವರೆಗೂ ಬಸ್ಸು ಹತ್ತಿದ ಪ್ರತಿ ಪಂಚೆಯುಟ್ಟವರೂ ನನಗೆ ಇವಳ ಅಪ್ಪನಂತೆಯೇ ಕಂಡರು.

ಲೇಖಕಿ ದೊಡ್ಡ ಕುಂಕುಮ ಇಟ್ಟುಕೊಂಡು ಚಾಪೆಯ ಮೇಲೆ ಕೂತು ಬೀನ್ಸ್ ಸೋಸುತ್ತಿದ್ದರು. ನಾಲ್ಕಾರು ಹೆಂಗಸರು ಸುತ್ತ ಕೂತು ಹೊಗಳುತ್ತಿದ್ದರು. ನಮ್ಮ ಹುಡುಗಿಯನ್ನು ಮುಂದೆ ತಳ್ಳಿ, "ನಿಮ್ಮ ಎಲ್ಲಾ ಕಾದಂಬರಿ ಓದಿದ್ದಾಳೆ" ಎಂದೆ.

"ಹೌದಾ ಮಗು? ಹೇಗನ್ನಿಸ್ತು?"

ಹಾಗೆ ಕೇಳಬಾರದಾಗಿತ್ತು ಎಂದು ಅವರಿಗೇನು ಗೊತ್ತು.

"ಮೇಡಂ, ಒಂದು ಡೌಟು. ನಿಮ್ಮ ನಾಯಕಿಯರ್ಗೆಲ್ಲಾ ಮೊಣಕಾಲುದ್ದ ಕೂದ್ಲು. ವಾರಕ್ಕೆರಡ್ ಸಲ ತಲೆಗೆ ನೀರಾಕಳ್ತಾರೆ. ಕಿಟಕಿ ತಾವ ಕೂದ್ಲು ಒಣುಗುಸ್ತಾ ನಿಂತಿರ್ತಾರೆ, ಆಗ್ಲೇ ನಾಯಕ ಬರೋದು. ಅಲ್ಲ ಮೇಡಂ, ಅಷ್ಟು ಕೂದ್ಲಿಗೆ ಎರಡಂಡೆ ಬಿಸಿನೀರಾದ್ರೂ ಬೇಕು. ಒಲೆಗೆ ಸೌದೆ ಇಕ್ಕಿ ನೀರು ಕಾಯ್ಸೋರು ಯಾರು? ಒಂದು ಪುಸ್ತಕದಲ್ಲೂ ಬರ್ದಿಲ್ಲ."

ನಾನು ಅವಳ ಜಡೆ ಹಿಡಿದು ಎಳೆಯಲು ಕೈ ಚಾಚಿದ್ದೆ. ಲೇಖಕಿ ಬೀನ್ಸ್ ಕೆಳಗಿಟ್ಟು, ಅವಳನ್ನು ಹತ್ತಿರ ಕೂರಿಸಿಕೊಂಡರು.

"ನಮ್ಮನೇಲಿ ನಾನೇ ಕಾಯಿಸೋದು ಕಣಮ್ಮ. ಮೂವತ್ತು ವರ್ಷದಿಂದ, ಏಳು ಜನಕ್ಕೆ. ಬರೆಯೋಕೆ ಕೂತಾಗಲಾದರೂ ಆ ಕೆಲಸ ಬೇಡ ಅಂತ ಬಿಟ್ಟಿದ್ದೀನಿ."

ಆರೂವರೆ ಬಸ್ಸು

ಪರೀಕ್ಷೆಗೆ ಎರಡು ತಿಂಗಳಿರುವಾಗ ಹುಡುಗಿ ಬರುವುದು ನಿಂತಿತು. ಸೋಮವಾರ ಇಲ್ಲ, ಮಂಗಳವಾರ ಇಲ್ಲ. ಜ್ವರವಿರಬಹುದು ಎಂದುಕೊಂಡೆ. ಬುಧವಾರ ಅವಳ ಜೊತೆಯವಳೊಬ್ಬಳು, "ಕಾಲೇಜಿಗೂ ಬಂದಿಲ್ಲ ಆಂಟಿ. ಬಿಡಿಸಿಬಿಟ್ರಂತೆ" ಅಂದಳು. ಬ್ರೌನ್ ಪೇಪರ್ ಹಾಕಿ ಕೊಟ್ಟ ಕೈ ನನ್ನದು.

ಅದೇ ದಿನ ಮಧ್ಯಾಹ್ನ ಎತ್ತರದ ಆಸಾಮಿಯೊಬ್ಬ ಟವೆಲ್ಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಟವೆಲ್ಲು ಬಿಚ್ಚಿದರೆ ನಮ್ಮ 'ಜೀವಶಾಸ್ತ್ರ'. ಮೋಟಾರು ರಿಪೇರಿಯವನ ಅಡ್ರೆಸ್ ಬರೆದುಕೊಳ್ಳೋಣವೆಂದು ಖಾಲಿ ಹಾಳೆ ಹುಡುಕುತ್ತಾ ಮಗಳ ಪುಸ್ತಕವನ್ನು ಹಿಂದಿನಿಂದ ತೆರೆದಿದ್ದಾನೆ. ಅಲ್ಲಿ ನಮ್ಮ ಲೈಬ್ರರಿಯ ಮೊಹರಿನ ಕೆಳಗೆ ಮಗಳ ಅಕ್ಷರ ಕಂಡಿದೆ.

"ನಾಯಕಿ ಮನೆ ಬಿಟ್ಟು ಹೋಗಿದ್ದೇ ಸರಿ. ನಾನಾಗಿದ್ದರೆ ಮೊದಲನೇ ಅಧ್ಯಾಯದಲ್ಲೇ ಹೋಗುತ್ತಿದ್ದೆ. ಬೆಳಿಗ್ಗೆ ಆರೂವರೆಗೆ ಬಸ್ಸು ಇರುವಾಗ ಇನ್ನೂರು ಪುಟ ಅಳುತ್ತಾ ಕೂರುವುದು ಯಾಕೆ?"

"ಅಮ್ಮಾವ್ರೇ, ನನ್ ಮಗ್ಳು ಆರೂವರೆ ಬಸ್ಸಿಗೆ ಓಡೋಯ್ತಾಳಂತೆ. ಬರ್ದು ಮಡಗವ್ಳೆ."

"ಅಯ್ಯೋ, ಅದು ಕಥೆಯ ಹುಡುಗಿಯ ವಿಷಯ ಕಣಪ್ಪಾ. ಇವಳದಲ್ಲ."

"ಆ ಉಡ್ಗಿ ಯಾರ ಮಗ್ಳು?"

"ಯಾರ ಮಗಳೂ ಅಲ್ಲ. ಕಥೆ."

"ಕತೆ ಸರಿ. ಆರೂವರೆ ಬಸ್ಸು ನಮ್ಮೂರ್ದೇ ಅಲ್ವ್ರಾ?"

ಮೂರು ದಿನದಿಂದ ಆರು ಗಂಟೆಗೇ ಬಸ್‌ಸ್ಟಾಪಿಗೆ ಹೋಗಿ ಕಾವಲು ಕೂರುತ್ತಿದ್ದಾನಂತೆ.

"ಅವಳು ಬಂದಳಾ?"

"ಇಲ್ಲ. ಮನೇಲಿ ಅಟ್ಟಿ ಗುಡಿಸ್ತಾ ಅವ್ಳೆ."

"ಮತ್ತೆ? ಓಡಿಹೋಗಲಿಲ್ಲವಲ್ಲ?"

"ನಾನು ಕುಂತಿದ್ನಲ್ಲ, ಅದ್ಕೇ ಓಗ್ನಿಲ್ಲ."

ಬಾಯಿಮಾತಿಗೆ ಬಗ್ಗುವ ಆಸಾಮಿಯಲ್ಲ. "ಪುಸ್ತಕ ಕೊಟ್ಟಿದ್ದು ನಾನು, ತಪ್ಪಿದ್ದರೆ ನನ್ನದು. ಅವಳು ಎಲ್ಲಾ ಪುಸ್ತಕದಲ್ಲೂ ಹೀಗೇ ಬರೀತಾಳೆ, ನೀವೇ ಕೇಳಿ" ಎಂದು ಕೈಗೆ ಸಿಕ್ಕ ಕಾದಂಬರಿ ತೆಗೆದು ಕೊನೆಯ ಪುಟವನ್ನು ಗಟ್ಟಿಯಾಗಿ ಓದಿದೆ.

"ನಾನಾಗಿದ್ದರೆ ಬಾವಿಗೆ ಬೀಳುತ್ತಿರಲಿಲ್ಲ, ಆ ಗಂಡನನ್ನೇ ತಳ್ಳುತ್ತಿದ್ದೆ."

ಅವನ ಮುಖ ಇನ್ನಷ್ಟು ಕಪ್ಪಿಟ್ಟಿತು. ಗಾಬರಿಯಲ್ಲಿ ಇನ್ನೊಂದು ತೆಗೆದೆ. "ನಾನಾಗಿದ್ದರೆ ಆ ಒಡವೆಯನ್ನೆಲ್ಲ ತೆಗೆದುಕೊಂಡು ವಿಮಾನ ಹತ್ತುತ್ತಿದ್ದೆ." ಮತ್ತೊಂದು. "ನಾನಾಗಿದ್ದರೆ ಈ ಮನೆಯಲ್ಲಿರುವುದಕ್ಕಿಂತ ಸನ್ಯಾಸಿನಿಯಾಗುತ್ತಿದ್ದೆ."

ಕೆಲಸ ಕೆಟ್ಟಿತು, ಹುಡುಗಿಯ ಓದು ನನ್ನ ಬಾಯಿಂದಲೇ ಮುಗಿಯಿತು ಅಂದುಕೊಂಡು ಪುಸ್ತಕ ಮುಚ್ಚಿದೆ. ಅವನು ಬೆರಳು ಮಡಚುತ್ತಾ ಯೋಚನೆ ಮಾಡುತ್ತಿದ್ದ.

"ಅಲ್ರಮ್ಮಾ, ಬಾವಿಗೆ ತಳ್ಳೋದು, ಇಮಾನ ಅತ್ತೋದು, ಸನ್ಯಾಸಿ ಆಗೋದು. ಒಬ್ಳೇ ಎಷ್ಟು ಅಂತ ಮಾಡಾಳು? ಎರಡ್ ಎಮ್ಮೆ ಮೇವಿಗೂ ನಾವು ಇಬ್ಬರು ಬೇಕು."

"ಅದನ್ನೇ ನಾನೂ ಹೇಳ್ತಿರೋದು!"

"ಇನ್ನೊಂದ್ ಓದಿ."

ಓದಿದೆ. ಈ ಪುಟ ನಾನೂ ಅದುವರೆಗೆ ನೋಡಿರಲಿಲ್ಲ.

"ಈ ಕಾದಂಬರಿಯ ಅಪ್ಪ ಮಗಳಿಗೆ ಪುಟಗಟ್ಟಲೆ ಪ್ರೀತಿಯ ಮಾತು ಹೇಳುತ್ತಾನೆ. ನನಗೆ ನಂಬಿಕೆ ಬರಲಿಲ್ಲ. ನಮ್ಮಪ್ಪ ಮಾತೇ ಆಡುವುದಿಲ್ಲ. ಮಳೆ ಬಂದ ದಿನ ಗೊಬ್ಬರದ ಚೀಲ ತಲೆಗೆ ಹಾಕಿಕೊಂಡು, ನನಗೊಂದು ಚೀಲ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಇಳಿಯುವ ಜಾಗದಲ್ಲಿ ನಿಂತಿರುತ್ತಾನೆ. ಬರೆಯುವವರು ಬಂದು ನೋಡಬೇಕು."

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬಿಸಿಲಿನಲ್ಲಿ ಬಂದಿದ್ದ, ನಿಜ. ಆದರೆ ಒರೆಸಿದ್ದು ಕಣ್ಣನ್ನೇ. ಮಜ್ಜಿಗೆ ತಂದುಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು ಕೇಳಿದ.

"ಆ ಕತೇಲಿ ಮನೆ ಬುಟ್ಟೋದ್ಲಲ್ಲ, ಅವಳಪ್ಪ ಏನ್ ಮಾಡಿದ್ದ?"

"ಓದು ಬಿಡಿಸಿ ಮನೇಲಿ ಕೂರಿಸಿದ್ದ."

"ಯಾಕೆ?"

"ಯಾರೋ ಏನೋ ಹೇಳಿದ್ದು ನಂಬಿಕೊಂಡು. ಮಗಳನ್ನ ಒಂದು ಮಾತು ಕೇಳಲಿಲ್ಲ."

"ಥೂ, ಅವ್ನಿಗೇನು ಬುದ್ಧಿ ಗಿದ್ಧಿ..." ಅಂದವನು ಅಲ್ಲಿಗೇ ನಿಲ್ಲಿಸಿದ. ಆಮೇಲೆ ಎದ್ದು, ಮೇಜಿಗೆ ಕಟ್ಟಿದ್ದ ಪೆನ್ಸಿಲ್ ಹಿಡಿದು, ದಾರ ಸಾಲದೆ ನೆಲಕ್ಕೇ ಕೂತು, ತಾನು ತಂದಿದ್ದ 'ಜೀವಶಾಸ್ತ್ರ'ದ ಕೊನೆಯ ಪುಟದಲ್ಲಿ ಮಗಳು ಬರೆದದ್ದರ ಕೆಳಗೆ ಒಂದೊಂದೇ ಅಕ್ಷರ ಕೂಡಿಸಿಕೊಂಡು ಏನೋ ಬರೆದ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದನಂತೆ. ನೋಡಲು ಬಗ್ಗಿದರೆ ಕೈ ಅಡ್ಡ ಇಟ್ಟ.

"ಇದು ಅವ್ಳು ಓದ್ಲಿ. ನಾಳೀಕೆ ಕಳುಸ್ತೀನಿ" ಎಂದು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು ಹೊರಟ. ತಡೆದುಕೊಂಡೆ. ನಮ್ಮ ಯಜಮಾನರ ಮೇಲಾಣೆ, ತೆರೆದು ನೋಡಲಿಲ್ಲ.

ಗುರುವಾರ ಬೆಳಿಗ್ಗೆ ಹುಡುಗಿ ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ಬಂದಳು. ಆ ಪುಸ್ತಕವನ್ನು ಕೈಗೆ ಕೊಟ್ಟೆ. ಕೊನೆಯ ಪುಟ ತೆರೆದು ಓದಿದಳು. ಕಣ್ಣಲ್ಲಿ ನೀರು ತುಂಬಿಕೊಂಡಿತು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನಗುತ್ತಲೇ ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ಸೊಟ್ಟಪಟ್ಟ ಅಕ್ಷರದಲ್ಲಿ ಹೀಗಿತ್ತು:

"ಹುಡುಗಿದು ತಪ್ಪಿಲ್ಲ. ಅಪ್ಪಂದೇ ತಪ್ಪು. ಕರೆದು ಒಂದು ಮಾತು ಕೇಳಬೇಕಾಗಿತ್ತು. ಇನ್ನೊಂದು ವಿಷಯ. ಆರೂವರೆ ಬಸ್ಸು ಏಳೂಕಾಲಿಗೆ ಮುಂಚೆ ಬರುವುದಿಲ್ಲ. ಮೂರು ದಿನ ಕುಂತು ನೋಡಿದ್ದೇನೆ. ಓಡಿ ಹೋಗುವವರು ಮುದ್ದೆ ಉಂಡುಕೊಂಡು ನಿಧಾನಕ್ಕೆ ಹೋಗಬಹುದು."